ಕುದುರೆ ಮರಿಯ ನ್ಯುಮೋನಿಯಾ: ಪ್ಲಾಸ್ಮಾ ಕೊಡುವುದೇ, ಆಂಟಿಬಯೋಟಿಕ್ ಕುಡಿಸುವುದೇ, ಕಾದು ನೋಡುವುದೇ?

ಕುದುರೆ ಈಯಲು ಇನ್ನೂ ಹದಿನೈದು ದಿನ ಇದೆ ಎನ್ನುವಾಗಲೇ ಈ ತೀರ್ಮಾನ ಆಗಿರಬೇಕು. ಮರಿ ಕೆಮ್ಮಲು ಶುರುಮಾಡಿದ ಮೇಲೆ ಪ್ಲಾಸ್ಮಾ (ರೋಗದ ವಿರುದ್ಧ ಹೋರಾಡುವ ಪ್ರತಿಕಾಯಗಳಿರುವ, ದಾನಿ ಕುದುರೆಯ ರಕ್ತದ ದ್ರವ) ಹುಡುಕಿಕೊಂಡು ಹೊರಟರೆ ಹೊತ್ತು ಮೀರಿರುತ್ತದೆ. ಹನ್ನೊಂದು ತಿಂಗಳು ಕಾದು ಕಂಡ ಮರಿ. ಒಂದೂವರೆ ತಿಂಗಳು ತಾಯಿಯ ಸುತ್ತ ಕುಣಿದಾಡಿಕೊಂಡಿದ್ದದ್ದು ಒಂದು ಬೆಳಿಗ್ಗೆ ಮೂಗಿನ ಹೊಳ್ಳೆ ಅರಳಿಸಿ, ಪಕ್ಕೆ ಎಳೆದೆಳೆದು ಉಸಿರಾಡುತ್ತಾ ನಿಂತಿರುತ್ತದೆ. ಅಷ್ಟು ಹೊತ್ತಿಗೆ ಶ್ವಾಸಕೋಶದೊಳಗೆ ಕೀವುಗಂಟು ಕಟ್ಟಿ ಎಷ್ಟೋ ದಿನ ಆಗಿರುತ್ತದೆ. ಈ ರೋಗದ ಕ್ರೌರ್ಯ ಇರುವುದೇ ಇಲ್ಲಿ: ಸೋಂಕು ತಗಲುವುದು ಹುಟ್ಟಿದ ಮೊದಲ ದಿನಗಳಲ್ಲಿ, ಕಣ್ಣಿಗೆ ಕಾಣುವುದು ಒಂದರಿಂದ ಮೂರು ತಿಂಗಳ ನಡುವೆ.

ಕಾರಣ ರೋಡೋಕಾಕಸ್ ಈಕ್ವಿ ಎಂಬ ಬ್ಯಾಕ್ಟೀರಿಯಾ. 1923ರಲ್ಲಿ ಸ್ವೀಡನ್ನಿನ ಮ್ಯಾಗ್ನುಸನ್ ಇದನ್ನು ಮರಿಗಳ ಶ್ವಾಸಕೋಶದಿಂದ ಮೊದಲು ಬೇರ್ಪಡಿಸಿದರು. ಕೆಂಟಕಿ, ಟೆಕ್ಸಸ್, ಆಸ್ಟ್ರೇಲಿಯಾದ ಹಂಟರ್ ಕಣಿವೆ, ಐರ್ಲೆಂಡ್, ಜರ್ಮನಿ, ಹೀಗೆ ಕುದುರೆ ಸಾಕಣೆ ದೊಡ್ಡದಾಗಿರುವ ಕಡೆಯಲ್ಲೆಲ್ಲ ಇದು ಬೇರೂರಿದೆ. ಮಣ್ಣಿನಲ್ಲಿ, ಲದ್ದಿಯಲ್ಲಿ ಬದುಕುತ್ತದೆ. ಒಣಹವೆಯಲ್ಲಿ ದೂಳಿನ ಜೊತೆ ಎದ್ದು ಮರಿಯ ಮೂಗು ಸೇರುತ್ತದೆ. ಟಿಬಿ ರೋಗಾಣುವಿಗೆ ಇದು ದೂರದ ನೆಂಟ. ಅದರಂತೆಯೇ, ತನ್ನನ್ನು ಕೊಲ್ಲಬೇಕಾದ ಬಿಳಿ ರಕ್ತಕಣದ ಹೊಟ್ಟೆಯೊಳಗೇ ಕೂತು ಬೆಳೆಯುತ್ತದೆ. ಹಾಗೆ ಕೂರಲು ಅದಕ್ಕೆ ನೆರವಾಗುವುದು ವ್ಯಾಪ್-ಎ ಎಂಬ ಪ್ರೋಟೀನು. ರಕ್ತಕಣ ತನ್ನೊಳಗಿನ ಚೀಲದಲ್ಲಿ ಆಮ್ಲ ತುಂಬಿ ಜೀರ್ಣಿಸಿಕೊಳ್ಳಲು ಹೊರಟರೆ ಈ ಪ್ರೋಟೀನು ಅದಕ್ಕೆ ಅಡ್ಡಗಾಲು ಹಾಕುತ್ತದೆ. ಪ್ಲಾಸ್ಮಾದ ಮಾತು ಬಂದಾಗ ಈ ಹೆಸರು ಮತ್ತೆ ಬೇಕಾಗುತ್ತದೆ.

ಕನ್ನಡದಲ್ಲಿ ಇದನ್ನು ಬರೆಯುವುದಕ್ಕೆ ಕಾರಣವಿದೆ. ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಕುಣಿಗಲ್ ನಮ್ಮದು. ಹೆಬ್ಬಾಳದಲ್ಲಿ ಓದಿದ ಪಶುವೈದ್ಯರು ದೇಶದ ಹೊರಗೂ ಕೆಲಸ ಮಾಡುತ್ತಾರೆ. ನಮ್ಮಲ್ಲೂ ರೇಸ್ ಕುದುರೆಗಳ ಮರಿ ಹುಟ್ಟುವ ಕಾಲ ವರ್ಷದ ಮೊದಲ ತಿಂಗಳುಗಳು, ಅಂದರೆ ಬಿಸಿಲು ಏರುವ, ದೂಳೇಳುವ ಕಾಲ. ಆದರೂ ಪ್ಲಾಸ್ಮಾದ ಬಗ್ಗೆ ಇರುವ ಅನುಭವ, ಅಧ್ಯಯನಗಳಲ್ಲಿ ಹೆಚ್ಚಿನವು ಅಮೆರಿಕದವು. ಹಾಗಾಗಿ ಲೆಕ್ಕವನ್ನು ಅಲ್ಲಿಂದಲೇ ಹಿಡಿಯುತ್ತೇನೆ.

ಮೊದಲು ಗಿಣ್ಣು, ಆಮೇಲೆ ಮಿಕ್ಕಿದ್ದು

ಮನುಷ್ಯರ ಕೂಸು ತಾಯಿಯ ಪ್ರತಿಕಾಯಗಳನ್ನು ಗರ್ಭದಲ್ಲೇ ಪಡೆದು ಬರುತ್ತದೆ. ಕುದುರೆಯ ಮಾಸು ಅದಕ್ಕೆ ದಾರಿ ಬಿಡುವುದಿಲ್ಲ. ಮರಿ ಬರಿಗೈಯಲ್ಲಿ ಹುಟ್ಟುತ್ತದೆ. ಅದರ ರಕ್ಷಣೆಯೆಲ್ಲ ಗಿಣ್ಣು ಹಾಲಿನಲ್ಲಿ. ಗಿಣ್ಣಿನ ಪ್ರತಿಕಾಯವನ್ನು ಹೀರಿಕೊಳ್ಳುವ ಕರುಳಿನ ಬಾಗಿಲು ಸುಮಾರು 24 ಗಂಟೆಯಲ್ಲಿ ಮುಚ್ಚಿಹೋಗುತ್ತದೆ. ಆದ್ದರಿಂದ ಹುಟ್ಟಿದ ಮಾರನೆಯ ದಿನ ಮರಿಯ ರಕ್ತದಲ್ಲಿ ಐಜಿಜಿ ಎಂಬ ಪ್ರತಿಕಾಯ ಎಷ್ಟಿದೆ ಎಂಬ ಪರೀಕ್ಷೆ ಮಾಡಿಸುವುದು ವಾಡಿಕೆ. ಡೆಸಿಲೀಟರಿಗೆ 800 ಮಿಲಿಗ್ರಾಂ ಮೇಲಿದ್ದರೆ ನಿರಾಳ, 400ಕ್ಕಿಂತ ಕೆಳಗಿದ್ದರೆ ಗಿಣ್ಣು ಸೇರಿಯೇ ಇಲ್ಲವೆಂದು ಲೆಕ್ಕ.

ಗಿಣ್ಣು ಚೆನ್ನಾಗಿ ಕುಡಿದ ಮರಿಗೂ ಈ ನ್ಯುಮೋನಿಯಾ ಬರುತ್ತದೆ. ಒಳ್ಳೆಯ ಫಾರಂಗಳಲ್ಲಿ, ಲಾಯ ತೊಳೆದು ಒರೆಸಿ ಇಟ್ಟುಕೊಳ್ಳುವ ಕಡೆಯಲ್ಲೂ ಬರುತ್ತದೆ. ಟೆಕ್ಸಸ್‌ನ ಅಧ್ಯಯನಗಳಲ್ಲಿ ರೋಗ ಹೆಚ್ಚಾಗಿ ಕಂಡದ್ದು ದೊಡ್ಡ ಫಾರಂಗಳಲ್ಲಿ, ತಾಯಿ ಮರಿಗಳು ಒತ್ತೊತ್ತಾಗಿ ಇರುವಲ್ಲಿ. ಮರಿ ಕಾಯಿಲೆ ಬಿತ್ತೆಂದು ಕುದುರೆ ನೋಡಿಕೊಳ್ಳುವ ಸೈಸ್‌ನ ಮೇಲೆ ಹರಿಹಾಯುವವರು ಇದನ್ನು ಮನಸ್ಸಿನಲ್ಲಿಡಬೇಕು. ಇದು ಅಸಡ್ಡೆಯಿಂದ ಬರುವ ರೋಗವಲ್ಲ.

ತಾಯಿಯಿಂದ ಬಂದ ಪ್ರತಿಕಾಯ ಮೂರು ನಾಲ್ಕು ವಾರಕ್ಕೆ ಅರ್ಧಕ್ಕೆ ಇಳಿಯುತ್ತದೆ. ಮರಿ ತನ್ನದನ್ನು ತಾನೇ ಸಾಕಷ್ಟು ಮಾಡಿಕೊಳ್ಳಲು ಎರಡು ಮೂರು ತಿಂಗಳು ಬೇಕು. ಈ ನಡುವಿನ ತಗ್ಗಿನಲ್ಲೇ ರೋಗ ಹೊರಬೀಳುತ್ತದೆ. ಕೆಳಗಿನ ಆಯ್ಕೆಗಳೆಲ್ಲ ಈ ತಗ್ಗನ್ನು ದಾಟಿಸುವ ಪ್ರಯತ್ನಗಳೇ.

ಪ್ಲಾಸ್ಮಾ

ಹಾವು ಕಡಿತದ ಔಷಧ ಹೇಗೆ ತಯಾರಾಗುತ್ತದೆ ಎಂದು ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷವನ್ನು ಚೂರು ಚೂರೇ ಕುದುರೆಗೆ ಕೊಟ್ಟು, ಅದರ ರಕ್ತದಲ್ಲಿ ಎದ್ದ ಪ್ರತಿಕಾಯವನ್ನು ತೆಗೆದು ನಮಗೆ ಕೊಡುತ್ತಾರೆ. ಇಲ್ಲಿ ವಿಷದ ಬದಲು ರೋಡೋಕಾಕಸ್. ದಾನಿ ಕುದುರೆಗೆ ಮತ್ತೆ ಮತ್ತೆ ಲಸಿಕೆ ಹಾಕಿ ಪ್ರತಿಕಾಯ ಏರಿಸಿ, ರಕ್ತ ತೆಗೆದು, ಕೆಂಪು ಕಣ ಬೇರ್ಪಡಿಸಿ, ಉಳಿದ ಹಳದಿ ದ್ರವವನ್ನು ಚೀಲದಲ್ಲಿ ಹೆಪ್ಪುಗಟ್ಟಿಸಿಡುತ್ತಾರೆ. ಅದೇ ಹೈಪರ್‌ಇಮ್ಯೂನ್ ಪ್ಲಾಸ್ಮಾ. ಅಮೆರಿಕದಲ್ಲಿ ಕೃಷಿ ಇಲಾಖೆಯ ಪರವಾನಗಿ ಪಡೆದ ಕಂಪನಿಗಳು ಇದನ್ನು ಮಾರುತ್ತವೆ. ಪ್ರತಿಕಾಯ ಮೆತ್ತಿಕೊಂಡ ರೋಗಾಣು ರಕ್ತಕಣದೊಳಗೆ ಬೇರೆ ಬಾಗಿಲಿನಿಂದ ಹೋಗುತ್ತದೆ; ಆಗ ಅದಕ್ಕೆ ಮೊದಲಿನಂತೆ ಬಚ್ಚಿಟ್ಟುಕೊಳ್ಳಲು ಆಗುವುದಿಲ್ಲ.

"ಕೋವಿಡ್ ಕಾಲದಲ್ಲೂ ಪ್ಲಾಸ್ಮಾ ಪ್ಲಾಸ್ಮಾ ಎಂದು ಓಡಾಡಿದೆವು, ಏನಾಯಿತು?" ಎಂದು ಕೇಳುವವರಿದ್ದಾರೆ. ಕೇಳಲೇಬೇಕಾದ ಪ್ರಶ್ನೆ. ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 39 ಆಸ್ಪತ್ರೆಗಳ 464 ರೋಗಿಗಳಲ್ಲಿ ನಡೆಸಿದ ಪರೀಕ್ಷೆಯಲ್ಲಿ ಅದರಿಂದ ಉಪಯೋಗ ಕಾಣಲಿಲ್ಲ. 2021ರ ಮೇ ತಿಂಗಳಲ್ಲಿ ಚಿಕಿತ್ಸೆಯ ಪಟ್ಟಿಯಿಂದ ಅದನ್ನು ಕೈಬಿಟ್ಟರು. ಅಲ್ಲಿ ಕೊಟ್ಟದ್ದು ರೋಗ ಹಿಡಿದು ಆಸ್ಪತ್ರೆ ಸೇರಿದವರಿಗೆ, ರೋಗದಿಂದ ಎದ್ದು ಬಂದವರ ರಕ್ತದಿಂದ ತೆಗೆದದ್ದು. ಮರಿಗೆ ಕೊಡುವುದು ಸೋಂಕು ತಗಲುವ ಮೊದಲು, ಅದಕ್ಕೆಂದೇ ಲಸಿಕೆ ಹಾಕಿ ತಯಾರು ಮಾಡಿದ ದಾನಿಯದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಆದರೆ ಕಾಯಿಲೆ ಬಿದ್ದ ಮರಿಗೆ ಪ್ಲಾಸ್ಮಾವನ್ನೇ ಮದ್ದು ಎಂದು ನಂಬಿ ಕೂರುವವರಿಗೆ ಕೋವಿಡ್ಡಿನ ಪಾಠ ಸರಿಯಾಗಿಯೇ ಅನ್ವಯಿಸುತ್ತದೆ.

ಪುರಾವೆ ಏನು ಹೇಳುತ್ತದೆ? ಇದನ್ನು ಮುಚ್ಚುಮರೆ ಇಲ್ಲದೆ ಹೇಳಬೇಕು, ಏಕೆಂದರೆ ಮಾರುವವರು ಹೇಳುವುದಿಲ್ಲ. 1989ರಲ್ಲಿ ಟೆಕ್ಸಸ್‌ನ ಮಾರ್ಟೆನ್ಸ್ ಮತ್ತು ಸಂಗಡಿಗರು, ಪ್ರಯೋಗದಲ್ಲಿ ಸೋಂಕು ತಗಲಿಸಿದ ಮರಿಗಳನ್ನು ಈ ಪ್ಲಾಸ್ಮಾ ಕಾಪಾಡಿತೆಂದು ತೋರಿಸಿದರು. 1995ರಲ್ಲಿ ಆಸ್ಟ್ರೇಲಿಯಾದಿಂದ ಬಂದ ವರದಿ ಅದು ತಡೆಯಲಿಲ್ಲ ಎಂದಿತು. 2002ರ ಒಂದು ಪರೀಕ್ಷೆಯಲ್ಲಿ ಪ್ಲಾಸ್ಮಾ ಪಡೆದ ಮರಿಗಳಲ್ಲಿ ಶೇ. 19ರಷ್ಟು, ಪಡೆಯದವುಗಳಲ್ಲಿ ಶೇ. 30ರಷ್ಟು ಕಾಯಿಲೆ ಬಿದ್ದವು. ನೋಡಲು ದೊಡ್ಡ ಅಂತರ. ಆದರೆ ಆಕಸ್ಮಿಕವಲ್ಲ ಎಂದು ಸಂಖ್ಯಾಶಾಸ್ತ್ರ ಒಪ್ಪುವಷ್ಟು ಗಟ್ಟಿಯಲ್ಲ. 2016ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ ಪ್ಲಾಸ್ಮಾ ಪಡೆದ ಮರಿಗಳಿಗೆ ನ್ಯುಮೋನಿಯಾ ಹಗುರವಾಗಿ ಬಂತು. ಇವೆಲ್ಲ ಕೂಡಿಸಿ ನೋಡಿದರೆ ನನಗೆ ತೋರುವುದು ಇಷ್ಟು: ಪ್ಲಾಸ್ಮಾ ಗೋಡೆಯಲ್ಲ, ಕೊಡೆ. ಜೋರು ಮಳೆಯಲ್ಲಿ ಕಾಲು ನೆನೆಯುತ್ತದೆ, ತಲೆ ಉಳಿಯುತ್ತದೆ.

ಫಲಿತಾಂಶ ಹೀಗೆ ಏರುಪೇರಾಗಲು ಒಂದು ಕಾರಣ ಪ್ಲಾಸ್ಮಾವೇ. ಕಂಪನಿಯಿಂದ ಕಂಪನಿಗೆ, ಒಂದೇ ಕಂಪನಿಯ ಒಂದು ತಯಾರಿಯಿಂದ ಇನ್ನೊಂದಕ್ಕೆ ವ್ಯಾಪ್-ಎ ವಿರುದ್ಧದ ಪ್ರತಿಕಾಯದ ಪ್ರಮಾಣ ಬೇರೆಯಾಗಿರುತ್ತದೆ. ಕೊಳ್ಳುವಾಗ "ರೋಡೋಕಾಕಸ್ ಪ್ಲಾಸ್ಮಾ ಇದೆಯಾ" ಎಂದಷ್ಟೇ ಕೇಳಬೇಡಿ. ಆ ತಯಾರಿಯಲ್ಲಿ ವ್ಯಾಪ್-ಎ ಪ್ರತಿಕಾಯ ಅಳೆದಿದ್ದಾರೆಯೇ, ಎಷ್ಟಿದೆ ಎಂದು ಕೇಳಿ. ಉತ್ತರ ಕೊಡದವರಿಗಿಂತ ಕೊಡುವವರು ವಾಸಿ.

ಒಂದು ಲೀಟರೋ ಎರಡೋ? ಬಹಳ ವರ್ಷ ಒಂದೇ ಲೀಟರ್ ರೂಢಿಯಲ್ಲಿತ್ತು. 50 ಕಿಲೋ ತೂಗುವ ಮರಿಗೆ ಅದು ಕಿಲೋಗೆ 20 ಮಿಲಿಲೀಟರ್ ಆಯಿತು. 2019ರಲ್ಲಿ ಪ್ರಕಟವಾದ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಸಂಶೋಧಕರ ಅಧ್ಯಯನದಲ್ಲಿ, ಒಂದು ಲೀಟರ್ ಅಥವಾ ಅದಕ್ಕಿಂತ ಕಡಿಮೆ ಪಡೆದವುಗಳಿಗಿಂತ ಎರಡು ಲೀಟರ್ ಪಡೆದ ಮರಿಗಳಲ್ಲಿ, ಹೊರಗೆ ಕಾಣದೆ ಅಲ್ಟ್ರಾಸೌಂಡ್‌ನಲ್ಲಷ್ಟೇ ಕಾಣುವ ನ್ಯುಮೋನಿಯಾ ಕಡಿಮೆ ಇತ್ತು. ದುಡ್ಡು ಎರಡು ಲೀಟರಿಗೆ ಸಾಕಾಗುವಂತಿದ್ದರೆ ಎರಡನ್ನೂ ಹುಟ್ಟಿದ ಮೊದಲ ಒಂದೆರಡು ದಿನದೊಳಗೇ ಕೊಡುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಒಂದು ಲೀಟರ್ ಮೊದಲಿಗೆ, ಇನ್ನೊಂದು ಮೂರು ನಾಲ್ಕನೇ ವಾರಕ್ಕೆ ಎನ್ನುವ ಪದ್ಧತಿಯೂ ಇದೆ. ಪ್ರತಿಕಾಯ ಇಳಿಯುವ ತಗ್ಗನ್ನು ತುಂಬುವುದು ಅದರ ಲೆಕ್ಕಾಚಾರ. ಆದರೆ ನಾಲ್ಕು ವಾರದ ಮರಿ ಮೊದಲ ದಿನದ ಮರಿಯಂತೆ ತೆಕ್ಕೆಗೆ ಸಿಗುವುದಿಲ್ಲ. ಹಿಡಿಯುವ ಗಲಾಟೆಯಲ್ಲೇ ಅದು ಬೆವರಿ ಬೆದರುತ್ತದೆ. ಸೋಂಕು ತಗಲುವುದೇ ಮೊದಲ ದಿನಗಳಲ್ಲಿ ಎಂದಾದ ಮೇಲೆ, ಇರುವ ಬಲವನ್ನು ಮೊದಲೇ ಹಾಕುವುದು ಲೇಸು.

ಖರ್ಚು ಸಣ್ಣದಲ್ಲ, ಅಮೆರಿಕದಲ್ಲಿ ಮರಿಯೊಂದಕ್ಕೆ ನೂರಾರು ಡಾಲರ್. ಕೆಲಸವೂ ಇದೆ. ಚೀಲವನ್ನು ಉಗುರುಬೆಚ್ಚಗಿನ ನೀರಿನಲ್ಲಿ ನಿಧಾನವಾಗಿ ಕರಗಿಸಬೇಕು. ಅವಸರಕ್ಕೆ ಬಿಸಿನೀರಿಗೋ ಮೈಕ್ರೋವೇವ್‌ಗೋ ಹಾಕಿದರೆ ಪ್ರತಿಕಾಯ ಕೆಡುತ್ತದೆ. ಕತ್ತಿನ ರಕ್ತನಾಳಕ್ಕೆ ಕ್ಯಾತಿಟರ್ (ತೆಳು ಕೊಳವೆ) ಹಾಕಿ, ಜಾಲರಿ ಇರುವ ರಕ್ತದ ಸೆಟ್‌ನಿಂದ ಬಿಡಬೇಕು. ಮೊದಲ ಹತ್ತಿಪ್ಪತ್ತು ನಿಮಿಷ ತೊಟ್ಟಿಕ್ಕುವಷ್ಟೇ. ಮರಿ ನಡುಗಿದರೆ, ಕೂದಲು ನಿಗುರಿದರೆ, ಎದೆಬಡಿತ ಉಸಿರು ಏರಿದರೆ, ಮೈಮೇಲೆ ದದ್ದು ಎದ್ದರೆ ತಕ್ಷಣ ನಿಲ್ಲಿಸಬೇಕು. ಇದು ಪಶುವೈದ್ಯರ ಕೈಕೆಲಸ. ಸೈಸ್ ಎಷ್ಟೇ ಪಳಗಿದವನಾಗಲಿ, ಅವನೊಬ್ಬನ ಮೇಲೆ ಬಿಡುವಂಥದ್ದಲ್ಲ.

ದಾನಿಯ ಆರೋಗ್ಯದ ವಿಷಯದಲ್ಲಿ ರಾಜಿ ಕೂಡದು. 1918ರ ಹೊತ್ತಿಗೇ ದಕ್ಷಿಣ ಆಫ್ರಿಕಾದಲ್ಲಿ ಪಶುವೈದ್ಯ ಥೈಲರ್, ಕುದುರೆ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವ) ಪಡೆದ ಕುದುರೆಗಳಲ್ಲಿ ಯಕೃತ್ತು ಕೊಳೆಯುವ ರೋಗವನ್ನು ಗುರುತಿಸಿದ್ದರು. ಅದರ ಹಿಂದಿರುವ ಪಾರ್ವೋ ವೈರಸ್ ಪತ್ತೆಯಾದದ್ದು ನೂರು ವರ್ಷದ ಮೇಲೆ, 2018ರಲ್ಲಿ. ನೆಬ್ರಾಸ್ಕಾದಲ್ಲಿ ಧನುರ್ವಾಯುವಿನ ಸೀರಂ ಪಡೆದು ಸತ್ತ ಕುದುರೆಯೊಂದರಲ್ಲಿ. ಈ ವೈರಸ್ಸಿಗೂ ಸಾಂಕ್ರಾಮಿಕ ರಕ್ತಹೀನತೆಗೂ ಪರೀಕ್ಷೆಯಾದ ದಾನಿಯ ಪ್ಲಾಸ್ಮಾ ಮಾತ್ರ ಒಳಗೆ ಬರಲಿ.

ಕಂಪನಿಯ ಪ್ಲಾಸ್ಮಾ ಸಿಗದ ಕಡೆ ಫಾರಂನದೇ ದೊಡ್ಡ ಕುದುರೆಯ ಪ್ಲಾಸ್ಮಾ ಬಳಸಬಹುದೇ? ಗಿಣ್ಣು ಸೇರದ ಮರಿಗೆ ಖಂಡಿತ, ಅದು ಜೀವ ಉಳಿಸುತ್ತದೆ. ದಾನಿ ಬೀಜ ಒಡೆದ ಗಂಡಾಗಿರಲಿ, ಹಿಂದೆ ರಕ್ತ ಪಡೆಯದೇ ಇರಲಿ, ಮರಿಯ ರಕ್ತಕ್ಕೆ ಹೊಂದುತ್ತದೆಯೇ ಎಂದು ನೋಡಿರಲಿ. ಆದರೆ ರೋಡೋಕಾಕಸ್ ತಡೆಗೆ ಇದನ್ನು ಹೈಪರ್‌ಇಮ್ಯೂನ್ ಪ್ಲಾಸ್ಮಾಕ್ಕೆ ಸಮ ಎನ್ನಲಾಗದು. ದೊಡ್ಡ ಕುದುರೆಗಳ ರಕ್ತದಲ್ಲಿ ಈ ರೋಗಾಣುವಿನ ವಿರುದ್ಧ ಪ್ರತಿಕಾಯ ಸಹಜವಾಗಿಯೇ ಅಷ್ಟಿಷ್ಟು ಇರುತ್ತದೆ, ಲಸಿಕೆ ಹಾಕಿದವುಗಳಷ್ಟು ಇರುವುದಿಲ್ಲ.

ಮುಂಚಿತವಾಗಿ ಆಂಟಿಬಯೋಟಿಕ್

ಅಂಕಿಗಳನ್ನಷ್ಟೇ ನೋಡಿದರೆ ಇದೇ ಗೆಲ್ಲುತ್ತದೆ. 2008ರಲ್ಲಿ ಚಾಫಿನ್ ಮತ್ತು ಸಂಗಡಿಗರು ಅಮೆರಿಕದ ರೋಗ ಬೇರೂರಿದ ಫಾರಂಗಳಲ್ಲಿ ಹುಟ್ಟಿದ ಮರಿಗಳಿಗೆ ಮೊದಲ ಎರಡು ವಾರ ದಿನ ಬಿಟ್ಟು ದಿನ ಅಜಿತ್ರೋಮೈಸಿನ್ ಕೊಟ್ಟರು. ಕೊಡದ ಮರಿಗಳಲ್ಲಿ ಶೇ. 20.8, ಕೊಟ್ಟವುಗಳಲ್ಲಿ ಶೇ. 5.3 ಮಾತ್ರ ಕಾಯಿಲೆ ಬಿದ್ದವು. ಮೇಲೆ ಹೇಳಿದ 2002ರ ಪ್ಲಾಸ್ಮಾ ಪರೀಕ್ಷೆಯಲ್ಲಿ ಅಂತರ ಇಷ್ಟು ಸ್ಪಷ್ಟವಾಗಿರಲಿಲ್ಲ. ಅಗ್ಗ, ಬಾಯಿಗೆ ಹಾಕಿದರಾಯಿತು, ಕ್ಯಾತಿಟರ್ ಬೇಡ. ಜರ್ಮನಿಯ ಒಂದು ಫಾರಂನಲ್ಲಿ ಮಾಡಿ ನೋಡಿದಾಗ ಮಾತ್ರ ಇದೇ ಫಲ ಸಿಗಲಿಲ್ಲ.

ಹೀಗಿದ್ದೂ ನಾನು ಇದನ್ನು ಬೇಡ ಎನ್ನುತ್ತೇನೆ. ಈ ನ್ಯುಮೋನಿಯಾ ಬಂದ ಮರಿಯನ್ನು ಉಳಿಸಲು ನಮ್ಮ ಕೈಯಲ್ಲಿರುವುದು ಹೆಚ್ಚು ಕಡಿಮೆ ಒಂದೇ ಜೋಡಿ: ಅಜಿತ್ರೋಮೈಸಿನ್ ಅಥವಾ ಕ್ಲಾರಿತ್ರೋಮೈಸಿನ್, ಜೊತೆಗೆ ರಿಫಾಂಪಿಸಿನ್. ಆರೋಗ್ಯವಾಗಿರುವ ನೂರು ಮರಿಗೆ ಇದೇ ಮದ್ದನ್ನು ಕುಡಿಸಿದರೆ, ಆ ಮರಿಗಳ ಲದ್ದಿ ಬೀಳುವ ಮಣ್ಣಿನಲ್ಲೇ ಮದ್ದಿಗೆ ಬಗ್ಗದ ರೋಗಾಣು ಬೆಳೆಯುತ್ತದೆ. ಇದು ಬರಿಯ ಊಹೆಯಲ್ಲ. ಅಲ್ಟ್ರಾಸೌಂಡ್‌ನಲ್ಲಿ ಚುಕ್ಕೆ ಕಂಡ ಮರಿಗೆಲ್ಲ ಮದ್ದು ಕೊಡುತ್ತಾ ಬಂದ ಕೆಂಟಕಿಯಲ್ಲಿ, ಎರಡೂ ಔಷಧಕ್ಕೆ ಜಗ್ಗದ ತಳಿ ಫಾರಂನಿಂದ ಫಾರಂಗೆ ಹಬ್ಬಿತು. ಅಂಥ ತಳಿ ಹಿಡಿದ ಮರಿ ಬದುಕುವ ಸಾಧ್ಯತೆ ಕಡಿಮೆ. ಈ ವರ್ಷದ ಮರಿಗೆ ಸಿಕ್ಕ ಉಪಕಾರದ ಸಾಲವನ್ನು ಮುಂದಿನ ವರ್ಷಗಳ ಮರಿಗಳು ತೀರಿಸಬೇಕಾಗುತ್ತದೆ. ನಮ್ಮ ದೇಶದ ಮಟ್ಟಿಗೆ ಇನ್ನೊಂದು ಮಾತು: ರಿಫಾಂಪಿಸಿನ್ ಇಲ್ಲಿ ಟಿಬಿ ರೋಗಿಗಳ ಜೀವಾಧಾರ. ಕುದುರೆ ಲಾಯದಲ್ಲಿ ಅದನ್ನು ಬಳಸಬೇಕಾದ ಸಂದರ್ಭ ಕಡಿಮೆಯಾದಷ್ಟೂ ಒಳ್ಳೆಯದು. ಅಮೆರಿಕದ ಪಶು ಒಳರೋಗ ತಜ್ಞರ ಸಂಘದ 2011ರ ಹೇಳಿಕೆಯೂ ಮರಿಗಳಿಗೆಲ್ಲ ಮುಂಚಿತವಾಗಿ ಆಂಟಿಬಯೋಟಿಕ್ ಕೊಡುವುದನ್ನು ಬೆಂಬಲಿಸಲಿಲ್ಲ.

ಔಷಧದ ಅಡ್ಡಪರಿಣಾಮಗಳೂ ಇವೆ. ಮರಿಗೆ ಭೇದಿ ಹತ್ತಬಹುದು. ಹಳೆಯ ಎರಿತ್ರೋಮೈಸಿನ್ ಕೊಟ್ಟ ಮರಿ ಬೆವರುವುದನ್ನೇ ನಿಲ್ಲಿಸಿ ಬಿಸಿಲಿನಲ್ಲಿ ಮೈ ಕಾದು ಸಾಯುವಷ್ಟಾಗುತ್ತದೆ. ಮರಿಯ ಬಾಯಲ್ಲಿ ಉಳಿದದ್ದನ್ನೋ ಲದ್ದಿಯಲ್ಲಿ ಇಳಿದದ್ದನ್ನೋ ತಾಯಿ ಒಂದಿಷ್ಟು ಸೇವಿಸಿದರೆ ಆಕೆಗೆ ಕರುಳಿನ ಉರಿಯೂತ ಬಂದು ಜೀವಕ್ಕೇ ಕುತ್ತು. ಸ್ವೀಡನ್ನಿನಲ್ಲಿ ಹೀಗೆ ತಾಯಿ ಕುದುರೆಗಳು ಸತ್ತಿವೆ.

ಕಾದು ನೋಡುವುದು, ಕಣ್ಣಿಟ್ಟು

ಮೂರು ನಾಲ್ಕನೇ ವಾರದಿಂದ ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ಎದೆಯ ಅಲ್ಟ್ರಾಸೌಂಡ್ ಮಾಡುವುದು ದೊಡ್ಡ ಫಾರಂಗಳ ಪದ್ಧತಿ. ಕೆಮ್ಮುವ ಮೊದಲೇ ಗಂಟು ಕಾಣುತ್ತದೆ. ತೊಂದರೆ ಇರುವುದು ಕಂಡ ಮೇಲೆ ಏನು ಮಾಡುತ್ತೀರಿ ಎನ್ನುವುದರಲ್ಲಿ. ಸಣ್ಣ ಗಂಟಿರುವ ಮರಿಗಳಲ್ಲಿ ಎಷ್ಟೋ ಮರಿಗಳು ಯಾವ ಔಷಧವೂ ಇಲ್ಲದೆ ತಾವಾಗಿಯೇ ಗುಣವಾಗುತ್ತವೆ ಎಂದು ಜರ್ಮನಿಯ ಸಂಶೋಧಕಿ ವೆನ್ನರ್ ಅವರ ಅಧ್ಯಯನಗಳು ತೋರಿಸಿದವು. ಹಾಗಾಗಿ ಗಂಟು ದೊಡ್ಡದಾಗುತ್ತಿದೆಯೇ, ಜ್ವರ ಇದೆಯೇ, ಮರಿ ಹಾಲು ಬಿಟ್ಟಿದೆಯೇ ಎಂದು ನೋಡಿ ಔಷಧ ಶುರುಮಾಡುವುದೇ ಸರಿ. ಹೀಗೆ ಕಾಯುವುದಕ್ಕೆ ಎದೆಗಾರಿಕೆ ಬೇಕು, ಕೈಗೆ ಸಿಗುವ ವೈದ್ಯರೂ ಬೇಕು. ಎರಡೂ ಇಲ್ಲದ ಕಡೆ ಕಾಯುವುದೆಂದರೆ ಕೈಬಿಟ್ಟಂತೆಯೇ.

ತಾಯಿಗೆ ಲಸಿಕೆ ಹಾಕಿ ಗಿಣ್ಣಿನ ಮೂಲಕ ಮರಿಯನ್ನು ಕಾಯುವ ಪ್ರಯತ್ನ ಬಹಳ ಕಾಲದಿಂದ ನಡೆದಿದೆ. 2018ರಲ್ಲಿ ಪ್ರಕಟವಾದ, ಹಲವು ರೋಗಾಣುಗಳ ಮೈಮೇಲಿರುವ ಸಕ್ಕರೆ ಪದಾರ್ಥವೊಂದನ್ನು ಗುರಿಮಾಡಿದ ಪಿಎನ್‌ಎಜಿ ಲಸಿಕೆ ಪ್ರಯೋಗಾಲಯದಲ್ಲಿ ಆಸೆ ಹುಟ್ಟಿಸಿತು. ಸದ್ಯ ಫಾರಂನವರು ನೆಚ್ಚಿಕೊಂಡು ಯೋಜನೆ ಹಾಕುವ ಆಯ್ಕೆ ಅದಲ್ಲ.

ದೂಳಿನ ಕೆಲಸವನ್ನು ಮಾತ್ರ ಯಾರೂ ಬಿಡಬಾರದು, ಅದು ಎಲ್ಲ ಆಯ್ಕೆಗಳ ಜೊತೆಗೂ ಹೋಗುತ್ತದೆ. ಹಂಟರ್ ಕಣಿವೆಯಲ್ಲಿ ಗಾಳಿಯನ್ನೇ ಅಳೆದು ನೋಡಿದಾಗ, ಹುಲ್ಲು ಸವೆದ ಒಣ ದೊಡ್ಡಿಗಳ ಗಾಳಿಯಲ್ಲಿ ರೋಗಾಣು ಹೆಚ್ಚಿತ್ತು. ದೊಡ್ಡಿಗೆ ನೀರು ಚಿಮುಕಿಸಿ, ಹುಲ್ಲು ಹಿಡಿಯುವವರೆಗೆ ಪ್ಯಾಡಾಕ್ (ಬೇಲಿ ಹಾಕಿದ ಬಯಲು) ಖಾಲಿ ಬಿಡಿ, ಲದ್ದಿ ದಿನವೂ ಎತ್ತಿಸಿ, ತಾಯಿ ಮರಿಗಳನ್ನು ಸಣ್ಣ ಗುಂಪುಗಳಾಗಿ ಬಿಡಿ.

ಹಾಗಾದರೆ ಯಾರಿಗೆ ಯಾವುದು?

ವರ್ಷ ವರ್ಷ ಈ ನ್ಯುಮೋನಿಯಾ ಕಾಣುವ, ಹತ್ತಾರು ಮರಿ ಹುಟ್ಟುವ ಫಾರಂ ನಿಮ್ಮದಾದರೆ ಎರಡು ಲೀಟರ್ ಪ್ಲಾಸ್ಮಾ ಮತ್ತು ಅಲ್ಟ್ರಾಸೌಂಡ್ ಎರಡನ್ನೂ ಇಟ್ಟುಕೊಳ್ಳಿ. ಎರಡರಲ್ಲಿ ಒಂದಕ್ಕೇ ದುಡ್ಡಿದೆ ಎನ್ನುವವರು ತಮ್ಮನ್ನು ತಾವೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಮರಿಗೆ ಜ್ವರ ಬಂದ ದಿನವೇ ವೈದ್ಯರು ಬರುತ್ತಾರೆಯೇ? ಬರುತ್ತಾರೆ ಎಂದಾದರೆ ಕಣ್ಣಿಡುವುದಕ್ಕೆ ದುಡ್ಡು ಹಾಕಿ. ಎರಡು ದಿನ ತಡವಾಗುವ ಊರಾದರೆ ಪ್ಲಾಸ್ಮಾಕ್ಕೆ ಹಾಕಿ. ಕೆಲವು ಫಾರಂಗಳು ರೋಗ ಜಾಸ್ತಿ ಬೀಳುವ ತಿಂಗಳುಗಳಲ್ಲಿ ಹುಟ್ಟಿದ ಮರಿಗಳಿಗಷ್ಟೇ ಪ್ಲಾಸ್ಮಾ ಕೊಡುತ್ತವೆ. ತಮ್ಮದೇ ಹಳೆಯ ಲೆಕ್ಕ ಇಟ್ಟುಕೊಂಡವರಿಗೆ ಇದು ಒಳ್ಳೆಯ ಉಪಾಯ.

ಒಂದೋ ಎರಡೋ ತಾಯಿ ಕುದುರೆ, ರೋಗ ಎಂದೂ ಕಾಣದ ಜಾಗ. ಅಂಥವರಿಗೆ ಹೈಪರ್‌ಇಮ್ಯೂನ್ ಪ್ಲಾಸ್ಮಾ ಬೇಕಾಗಿಲ್ಲ. ಗಿಣ್ಣು, ಐಜಿಜಿ ಪರೀಕ್ಷೆ, ದೂಳು ಕಡಿಮೆ ಮಾಡುವುದು ಇಷ್ಟು ಸಾಕು. ತಾಯಿಯನ್ನು ಈಯಿಸಲು ರೋಗ ಬೇರೂರಿದ ದೊಡ್ಡ ಫಾರಂಗೆ ಕಳಿಸುವುದಾದರೆ ಮಾತ್ರ ಆ ಫಾರಂನ ಮರಿಗಳಿಗೆ ಏನು ಕೊಡುತ್ತಾರೋ ಅದನ್ನೇ ನಿಮ್ಮ ಮರಿಗೂ ಕೊಡಿಸಿ. ಗಿಣ್ಣು ಸೇರದೆ ಐಜಿಜಿ ಕಡಿಮೆ ಬಂದ ಮರಿಗೆ ಹೇಗೂ ಪ್ಲಾಸ್ಮಾ ಕೊಡಲೇಬೇಕು. ಆಗ ರೋಗದ ಇತಿಹಾಸ ಇರುವ ಜಾಗವಾದರೆ ಸಾಮಾನ್ಯದ್ದರ ಬದಲು ರೋಡೋಕಾಕಸ್‌ನದನ್ನೇ ಆರಿಸಿ; ಒಂದೇ ಸೂಜಿಯಲ್ಲಿ ಎರಡು ಕೆಲಸ ಆಗುತ್ತದೆ.

ಯಾವುದನ್ನೇ ಆರಿಸಿ, ಮರಿಯೊಂದಕ್ಕೆ ಒಂದು ಪುಟ ತೆರೆಯಿರಿ. ಹುಟ್ಟಿದ ದಿನ, ಐಜಿಜಿ, ಎಷ್ಟು ಪ್ಲಾಸ್ಮಾ, ಎಷ್ಟು ಗಂಟೆಯ ವಯಸ್ಸಿನಲ್ಲಿ, ಚೀಲದ ಮೇಲಿದ್ದ ತಯಾರಿ ಸಂಖ್ಯೆ. ನಾಲ್ಕನೇ ವಾರದಿಂದ ಮೂರು ತಿಂಗಳು ತುಂಬುವವರೆಗೆ ದಿನಾ ಬೆಳಿಗ್ಗೆ ಬಿಸಿಲೇರುವ ಮೊದಲು ಜ್ವರ ನೋಡಿ ಆ ಪುಟದಲ್ಲಿ ಬರೆಸಿ. ಪ್ಲಾಸ್ಮಾ ಪಡೆದ ಮರಿಗೂ ಇದು ತಪ್ಪಬಾರದು. 38.9 ಡಿಗ್ರಿ ಸೆಲ್ಸಿಯಸ್ ದಾಟಿ ಮತ್ತೆ ನೋಡಿದಾಗಲೂ ಇಳಿಯದಿದ್ದರೆ, ಮರಿ ಎಷ್ಟೇ ಚುರುಕಾಗಿ ಓಡಾಡಿಕೊಂಡಿರಲಿ, ಅವತ್ತೇ ವೈದ್ಯರನ್ನು ಕರೆಸಿ.